ಬೆಳಿಗ್ಗೆ ನಿಲ್ಲುವ ವಾಚು

ತಂಗಿಯ ನಿಶ್ಚಿತಾರ್ಥದಲ್ಲಿ ತಾಂಬೂಲದ ತಟ್ಟೆ ಇನ್ನೇನು ಕೈ ಬದಲಾಗಬೇಕು ಅನ್ನುವಾಗ ಗಂಡಿನ ಅಪ್ಪ ನನ್ನ ಕಡೆ ತಿರುಗಿದರು. ಬಾಯಿ ತುಂಬ ನಗುತ್ತ, "ನೀವೇ ವಾಚಿನೋರು ಕಣ್ರೀ. ಹುಡುಗನ ಕೈಗೊಂದು ಫಾರಿನ್ ವಾಚು ಕಟ್ಬುಡಿ, ನಮಗೆ ಇನ್ನೇನೂ ಬ್ಯಾಡ," ಅಂದರು. ಸುತ್ತ ಕೂತಿದ್ದವರೆಲ್ಲ ಎಂಥ ದೊಡ್ಡ ಮನಸ್ಸು ಅನ್ನುವ ಹಾಗೆ ತಲೆದೂಗಿದರು. ನಮ್ಮಮ್ಮನೂ ತಲೆದೂಗಿದಳು. ನನಗೆ ಮಾತ್ರ ಮೈ ಉರಿದುಹೋಯಿತು. ಇನ್ನೇನೂ ಬೇಡವಂತೆ! ಚಿಕ್ಕನಾಯಕನಹಳ್ಳಿ ಕಡೆ ಸ್ವಂತ ಎಣ್ಣೆ ಮಿಲ್ಲು, ಅದರ ಹಿಂದೆ ಫಲಕ್ಕೆ ಬಂದ ತೆಂಗಿನ ತೋಟ ಇಟ್ಟುಕೊಂಡ ಮನುಷ್ಯ ಇವರು. ನಾನು ತಿಪಟೂರಿನ ಕೊಬ್ಬರಿ ಮಂಡಿಗಳ ಬೀದಿಯಲ್ಲಿ ಒಂದು ಗಾಜಿನ ಪೆಟ್ಟಿಗೆಯ ಹಿಂದೆ ಬೆನ್ನು ಬಗ್ಗಿಸಿ ಕೂತು ವಾಚು ರಿಪೇರಿ ಮಾಡುವವನು. ಇಂಥವನ ಹತ್ತಿರ ಫಾರಿನ್ ವಾಚು ಕೇಳಿ, ಅದಕ್ಕೆ ಏನೂ ಬೇಡ ಅಂತ ಹೆಸರು ಇಡುವುದಕ್ಕೂ ಒಂದು ಧೈರ್ಯ ಬೇಕು.

ಎಪ್ಪತ್ತರ ದಶಕದ ಕೊನೆಯ ಮಾತಿದು. ಹೊಸ ಫಾರಿನ್ ವಾಚು ಅಂಗಡಿಯಲ್ಲಿ ಕೂತು ಕೊಳ್ಳುವ ಹಾಗಿರಲಿಲ್ಲ. ಬೇಕೆಂದರೆ ಕಳ್ಳಸಾಗಣೆಯ ಮಾಲು. ಆಗಾಗ ಬೆಂಗಳೂರಿಂದ ಒಬ್ಬ ಆಸಾಮಿ ಬಂದು, ನನ್ನ ಅಂಗಡಿಯ ಮುಂದೆ ನಿಂತು, ಆ ಕಡೆ ಈ ಕಡೆ ನೋಡಿ ಶರಟಿನ ತೋಳು ಮೇಲೆತ್ತುತ್ತಿದ್ದ. ಮೊಣಕೈವರೆಗೂ ಥಳಥಳ ಅನ್ನುವ ವಾಚುಗಳು. ಮುಖ ನೋಡಿದರೆ ಸ್ವಿಸ್, ಮುಚ್ಚಳ ಬಿಚ್ಚಿದರೆ ಒಳಗೆ ಎಲ್ಲಿಯದೋ ತಗಡು. ನಾನು ಅವನನ್ನು ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ನಮ್ಮಪ್ಪ ಇದ್ದಾಗಲೂ ಹತ್ತಿಸುತ್ತಿರಲಿಲ್ಲ. ಹೀಗಾಗಿ ನನಗಿದ್ದ ದಾರಿ ಒಂದೇ. ಹಿಂದಿನ ಕಾಲದಲ್ಲಿ ನ್ಯಾಯವಾಗಿ ಈ ದೇಶಕ್ಕೆ ಬಂದ ಒಳ್ಳೆಯ ಸ್ವಿಸ್ ವಾಚೊಂದನ್ನು ಹುಡುಕಬೇಕು, ನನ್ನ ಕೈಯಾರೆ ಅದಕ್ಕೆ ಜೀವ ಕೊಡಬೇಕು.

ತುರುವೇಕೆರೆಯಲ್ಲಿ ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಶಿರಸ್ತೇದಾರರೊಬ್ಬರ ಬಳಿ ಅಂಥದ್ದೊಂದು ಇದೆ, ಮಾರುವ ಮನಸ್ಸಿದೆ ಅಂತ ಗಿರಾಕಿಯೊಬ್ಬರು ಹೇಳಿದರು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಂಗಡಿ ಬಾಗಿಲು ಹಾಕಿ, ಐಗ್ಲಾಸು, ಚಿಮಟ, ಎರಡು ಸ್ಕ್ರೂಡ್ರೈವರು, ಮುಚ್ಚಳ ಎಬ್ಬಿಸುವ ಚಾಕು ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಶಿರಸ್ತೇದಾರರು ಜಗಲಿಯ ಮೇಲೆ ಕೂತಿದ್ದರು. ಬೆರಳಿನ ಗಿಣ್ಣುಗಳು ಊದಿಕೊಂಡಿದ್ದವು. ವಾಚನ್ನು ಕರ್ಚೀಫಿನ ಗಂಟಿನಿಂದ ಬಿಚ್ಚಿ ಕೊಟ್ಟರು.

"ಕೀಲಿ ಕೊಡೋಕೆ ಬೆರಳು ಬಗ್ಗಲ್ಲಪ್ಪ. ಒಂದಿನ ಕೈ ಜಾರಿ ಕಲ್ಲು ಚಪ್ಪಡಿ ಮೇಲೆ ಬಿತ್ತು. ಅವತ್ತಿಂದ ಮಾತಿಲ್ಲ. ಹಂಗೇ ಇಟ್ಟಿದ್ದೀನಿ. ನೋಡು, ನಿನಗೆ ಬೇಕಾದ್ರೆ ತಗೋ, ಬ್ಯಾಡದಿದ್ರೆ ಬುಡು. ಸುಳ್ಳು ಹೇಳಿ ಮಾರೋ ವಯಸ್ಸು ನನ್ನದಲ್ಲ."

ಒಳ್ಳೆಯ ಸ್ಟೀಲ್ ಕೇಸು. ಬಿಳಿಯ ಡಯಲು ಅಂಚಿನಲ್ಲಿ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಸೆಕೆಂಡಿನ ಮುಳ್ಳಿಗೆ ಆರರ ಮೇಲೆ ಪುಟ್ಟದೊಂದು ಬೇರೆ ವೃತ್ತ. ಕಣ್ಣಿಗೆ ಹಿತವಾಗಿತ್ತು. ಆದರೆ ಕಣ್ಣಿಗೆ ಹಿತವಾದದ್ದನ್ನು ನಂಬಿ ಕೆಟ್ಟವರೇ ನಮ್ಮ ಕಸುಬಿನಲ್ಲಿ ಜಾಸ್ತಿ. ಜಗಲಿಯ ಬಿಸಿಲಿನಲ್ಲಿ ಬಟ್ಟೆ ಹಾಸಿ ಮುಚ್ಚಳ ಎಬ್ಬಿಸಿದೆ.

ಹಳೆ ವಾಚು ಕೊಳ್ಳುವಾಗ ನೋಡಬೇಕಾದದ್ದು ಅದು ಓಡುತ್ತದೆಯೇ ಅನ್ನುವುದಲ್ಲ. ಯಾಕೆ ನಿಂತಿದೆ ಅನ್ನುವುದು. ಮೊದಲು ತಳದ ಪ್ಲೇಟು ನೋಡಿದೆ. ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಅಲ್ಲಿಗೇ ಕೈಮುಗಿದು ಎದ್ದು ಬರುವುದು. ಗುಳಿ ಇರಲಿಲ್ಲ. ಕೀಲಿಯ ಕಡ್ಡಿಯ ಸುತ್ತ ಮಾತ್ರ ಬೆವರು ಇಳಿದು ಕೆಂಪಗೆ ತುಕ್ಕು ಕೂತಿತ್ತು. ಅದನ್ನು ತೆಗೆಯಬಹುದು. ಕೀಲಿ ತಿರುಗಿಸಿದರೆ ಸ್ಪ್ರಿಂಗು ಬಿಗಿ ಹಿಡಿಯದೆ ಸುಮ್ಮನೆ ಸುತ್ತುತ್ತಿತ್ತು. ಅದು ಸತ್ತಿದೆ, ಹೊಸದು ಹಾಕಬಹುದು. ಆಮೇಲೆ ಬ್ಯಾಲೆನ್ಸ್ ಚಕ್ರವನ್ನು ಚಿಮಟದಿಂದ ಮೆಲ್ಲಗೆ ಮುಟ್ಟಿದೆ. ಒಂದು ಪಕ್ಕಕ್ಕೆ ವಾಲಿ ಬಿದ್ದುಕೊಂಡಿತು. ನೆಲಕ್ಕೆ ಬಿದ್ದ ಏಟಿಗೆ ಅದರ ಅಚ್ಚಿನ ತುದಿ ಮುರಿದಿತ್ತು. ನಾವು ಸ್ಟಾಫ್ ಅನ್ನುವ ಈ ಅಚ್ಚಿನ ತುದಿ ತಲೆಗೂದಲಿನಷ್ಟೂ ದಪ್ಪವಿರುವುದಿಲ್ಲ. ಹಳೆ ವಾಚಿಗೆ ಬದಲಿ ಸ್ಟಾಫ್ ಹುಡುಕುವುದು ಅಂದರೆ ಸುಡುಗಾಡು ಕೆಲಸ.

ಕೊನೆಗೆ ಹೇರ್‌ಸ್ಪ್ರಿಂಗ್ ನೋಡಿದೆ. ಚಕ್ರದ ಮೇಲೆ ಸುರುಳಿ ಸುತ್ತಿಕೊಂಡು ಉಸಿರಾಡುವ ಆ ಎಳೆ ಸೊಟ್ಟಗಾಗಿದ್ದರೆ, ಇಲ್ಲ ಯಾವನೋ ಅರೆಬರೆ ಕಲಿತವನ ಚಿಮಟ ಅದಕ್ಕೆ ತಾಗಿದ್ದರೆ, ಆ ವಾಚು ಮತ್ತೆ ಸರಿಯಾದ ಹೊತ್ತು ತೋರಿಸೀತು ಅಂತ ನಾನು ಮಾತು ಕೊಡುವುದಿಲ್ಲ. ಐಗ್ಲಾಸು ಕಣ್ಣಿಗೆ ಒತ್ತಿಕೊಂಡು ಉಸಿರು ಹಿಡಿದು ನೋಡಿದೆ. ಸುರುಳಿ ಮಟ್ಟಸವಾಗಿತ್ತು. ಒಂದು ಸುತ್ತೂ ಇನ್ನೊಂದನ್ನು ಮುಟ್ಟಿರಲಿಲ್ಲ. ಇದನ್ನು ಹಿಂದೆ ತೊಳೆದವನು ಯಾರೋ ಗೊತ್ತಿಲ್ಲ, ಕೈ ಪಳಗಿದ ಮನುಷ್ಯ.

"ಏನಂತದೆ?" ಅಂದರು ಶಿರಸ್ತೇದಾರರು.

"ಬದುಕ್ತದೆ ಸ್ವಾಮಿ. ಆದ್ರೆ ಸುಲಭಕ್ಕಲ್ಲ."

"ನನ್ನ ವಿಷ್ಯನೂ ಹಂಗೇ ಹೇಳ್ತಾರೆ ಡಾಕ್ಟ್ರು," ಅಂತ ನಕ್ಕರು.

ತಕ್ಷಣ ಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಹೇಳುತ್ತೇನೆಂದು ವಾಪಸ್ಸು ಬಂದೆ. ಸ್ಟಾಫ್ ಸಿಗದಿದ್ದರೆ ಕೈಯಲ್ಲಿರುವುದು ಒಂದು ಚೆಂದದ ಹೆಣ. ಸಿಕ್ಕಿ ಕೂರಿಸಿದರೂ, ಅದು ಹಳೆಯದೇ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ಮುಖ ಗಂಟಿಕ್ಕಿಕೊಂಡು, "ಯಾರೋ ಕಟ್ಟಿ ಬಿಟ್ಟಿದ್ದನ್ನ ಹೊಸ ಅಳಿಯನ ಕೈಗೆ ಕಟ್ಟೋದೇನ್ಲಾ? ಅವರು ನಾಳೆ ಆಡಿಕೊಂಡ್ರೆ?" ಅಂದಳು.

"ಮಾತುಕತೆಗೆ ಹೋದಾಗ ನಾನೇ ಹೇಳ್ತೀನಿ ಬುಡಮ್ಮ, ಹಳೇ ಸ್ವಿಸ್ಸು, ನಾನೇ ರಿಪೇರಿ ಮಾಡಿದ್ದು ಅಂತ. ಮುಚ್ಚಿಟ್ಟು ಕೊಡೋಕೆ ಅದೇನು ಕದ್ದ ಮಾಲೇ?"

ಬಡಿಸುತ್ತಿದ್ದ ತಂಗಿ ಸೌಟು ಕೆಳಗಿಟ್ಟಳು. ಅವಳು ಸಾಮಾನ್ಯವಾಗಿ ತನ್ನ ಮದುವೆಯ ಮಾತಿಗೆ ಬಾಯಿ ಹಾಕುತ್ತಿರಲಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಎಷ್ಟೋ ಮಧ್ಯಾಹ್ನ ನನಗೆ ಬುತ್ತಿ ತಂದು ಪಕ್ಕದಲ್ಲಿ ಕೂತು ಕೆಲಸ ನೋಡಿದವಳು. ವಾಚಿನ ವಿಷಯದಲ್ಲಿ ಮಾತ್ರ ಅವಳಿಗೆ ಸಂಕೋಚವಿರಲಿಲ್ಲ.

"ಹೇರ್‌ಸ್ಪ್ರಿಂಗ್ ಚೆನ್ನಾಗೈತಾ ಅಣ್ಣ?" ಅಂತ ಕೇಳಿದಳು.

"ಹೊಸದರ ಥರ ಐತೆ."

"ಹಂಗಾದ್ರೆ ತಗೋ. ಆ ತೋಳಿನ ತುಂಬ ಕಟ್ಕೊಂಡು ಬರೋನ ಹತ್ರ ತಂದಿದ್ದನ್ನ ಕಟ್ಟಿದ್ರೆ ನಂಗೆ ನಾಚಿಕೆ. ನಿನ್ನ ಕೈಯಾಗೆ ಆದ ವಾಚು ಅವರ ಕೈಮೇಲಿದ್ರೆ ಆ ಮನ್ಯಾಗೆ ನಂಗೂ ಒಂದು ಮರ್ಯಾದೆ."

ಮರ್ಯಾದೆ! ಆಗ ನನಗೆ ಎದೆ ಉಬ್ಬಿತು. ಮಾರನೆಯ ದಿನವೇ ಹೋಗಿ ವಾಚು ತಂದೆ.

ಸ್ಟಾಫ್‌ಗಾಗಿ ಅಲೆದದ್ದು ಅಷ್ಟಿಷ್ಟಲ್ಲ. ತುಮಕೂರಿನಲ್ಲಿ ಇಲ್ಲ. ಹಾಸನದಲ್ಲಿ ಇಲ್ಲ. ಬೆಂಗಳೂರಿನ ಚಿಕ್ಕಪೇಟೆಯ ಸಂದಿಯೊಂದರಲ್ಲಿ ಬಿಡಿಭಾಗ ಮಾರುವವನು ತಗಡಿನ ಡಬ್ಬಿಗಳನ್ನು ಸುರಿದು, "ಹುಡುಕ್ಕೊಳ್ಳಿ, ಸಿಕ್ಕಿದ್ರೆ ನಿಮ್ಮ ಅದೃಷ್ಟ" ಅಂದ. ಸಂಜೆವರೆಗೂ ಹುಡುಕಿ ಅದೇ ಜಾತಿಯ ಒಂದು ಗುಜರಿ ಯಂತ್ರ ಸಿಕ್ಕಿತು. ಪ್ಲೇಟೆಲ್ಲ ತುಕ್ಕು ತಿಂದಿತ್ತು. ಬ್ಯಾಲೆನ್ಸಿನ ಸ್ಟಾಫ್ ಮಾತ್ರ ಎರಡೂ ತುದಿ ಸಮೇತ ಉಳಿದಿತ್ತು. ಅದನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡು, ರೈಲಿನಲ್ಲಿ ಯಾರೂ ಮೈಗೆ ತಾಗದ ಹಾಗೆ ಮೂಲೆಯಲ್ಲಿ ನಿಂತು ಬಂದೆ.

ಕೆಲಸಕ್ಕೆ ಬೆಳಗಿನ ಹೊತ್ತನ್ನು ಇಟ್ಟುಕೊಂಡೆ. ಮಂಡಿಗಳ ಮುಂದೆ ಗಾಡಿಗಳು ಬಂದು ನಿಲ್ಲುವ ಮೊದಲು, ಕೊಬ್ಬರಿ ಸುರಿಯುವ ಧೂಳು ಏಳುವ ಮೊದಲು ಆಗಬೇಕು. ಯಂತ್ರವನ್ನು ಪೂರ್ತಿ ಬಿಚ್ಚಿ ಪಿಂಗಾಣಿ ಬಟ್ಟಲಿನ ಪೆಟ್ರೋಲಿನಲ್ಲಿ ಅದ್ದಿದೆ. ಚಕ್ರಗಳ ಹಲ್ಲನ್ನು ಕೂದಲಿನ ಬ್ರಷ್ಷಿನಿಂದ ತಿಕ್ಕಿದೆ. ಕಲ್ಲುಗಳು ಅಂದರೆ ಅಚ್ಚಿನ ತುದಿ ತಿರುಗುವ ಕೆಂಪು ಹರಳುಗಳು. ಅವುಗಳ ತೂತಿಗೆ ತೆಂಗಿನ ಗರಿಯ ಕಡ್ಡಿಯನ್ನು ಸೂಜಿಯಷ್ಟು ಚೂಪು ಮಾಡಿ ಹಾಕಿ ತಿರುಗಿಸುವುದು, ಕಡ್ಡಿ ಕಪ್ಪಾಗದೆ ಬಿಳಿಯಾಗಿಯೇ ಹೊರಬರುವವರೆಗೆ ಮತ್ತೆ ಮತ್ತೆ ಹೊಸ ತುದಿ ಮಾಡಿ ತಿರುಗಿಸುವುದು. ನಮ್ಮಪ್ಪ ಕಲಿಸಿದ್ದು ಹಾಗೆ. ಈ ಊರಿನಲ್ಲಿ ಗರಿಕಡ್ಡಿಗೇನು ಬರ.

ಗುಜರಿ ಯಂತ್ರದ ಸ್ಟಾಫ್ ತೆಗೆದು ನಮ್ಮ ಚಕ್ರಕ್ಕೆ ಹೊಡೆದು ಕೂರಿಸಿ ಹೇರ್‌ಸ್ಪ್ರಿಂಗ್ ಸೇರಿಸಿದೆ. ಕಲ್ಲಿನೊಳಗೆ ಇಳಿಸಿದರೆ ಇಳಿಯಲಿಲ್ಲ. ಜಾತಿ ಒಂದೇ ಆದರೂ ತುದಿ ಒಂದು ಎಳೆ ದಪ್ಪ. ತಲೆ ಕೆಟ್ಟು ಹೋಯಿತು. ಮತ್ತೆ ಎಲ್ಲ ಬಿಚ್ಚಿ, ಸ್ಟಾಫನ್ನು ಕೈಲೇಥಿಗೆ ಹಿಡಿದು, ಉಕ್ಕಿನ ಒರೆಗಡ್ಡಿಯಿಂದ ತುದಿಯನ್ನು ಸವರಿ ಸವರಿ ತೆಳ್ಳಗೆ ಮಾಡಲು ಕೂತೆ. ಒತ್ತಡ ಸ್ವಲ್ಪ ಹೆಚ್ಚಾದರೆ ಪಟ್ಟನೆ ಮುರಿಯುತ್ತದೆ, ಇನ್ನೊಂದು ಸ್ಟಾಫ್ ಈ ಜನ್ಮದಲ್ಲಿ ಸಿಗುವುದಿಲ್ಲ. ಸವರುವುದು, ತೆಗೆಯುವುದು, ಕಲ್ಲಿನಲ್ಲಿ ಇಳಿಸಿ ನೋಡುವುದು, ಮತ್ತೆ ಸವರುವುದು. ಬೆನ್ನು ಕತ್ತು ಎಲ್ಲ ಮರಗಟ್ಟಿದವು. ಗಿರಾಕಿಗಳು ಬಂದು ಕೂಗಿದರೆ, "ಆಮೇಲೆ ಬನ್ರೀ" ಅಂತ ಗದರಿಸಿ ಕಳಿಸಿದೆ. ಕೊನೆಗೆ ಒಂದು ಬೆಳಿಗ್ಗೆ ತುದಿ ಕಲ್ಲಿನೊಳಗೆ ಸರ್ರನೆ ಇಳಿಯಿತು. ಉಸಿರು ತಾಗಿದರೆ ಚಕ್ರ ಆಡಿತು.

ಹೊಸ ಸ್ಪ್ರಿಂಗು ಹಾಕಿ, ವಾಚಿನ ಎಣ್ಣೆಯನ್ನು ಸೂಜಿ ತುದಿಯಲ್ಲಿ ಎತ್ತಿ ಒಂದೊಂದು ಕಲ್ಲಿಗೆ ಒಂದೊಂದು ಚುಕ್ಕಿ ಮುಟ್ಟಿಸಿದೆ. ಈ ಎಣ್ಣೆ ಬಿಸಿಲಿಗೆ ಹರಿಯುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ. ಇದರ ಒಂದು ಪುಟ್ಟ ಬಾಟಲಿ ನನಗೆ ಎರಡು ವರ್ಷ ಬರುತ್ತಿತ್ತು. ಡಯಲಿಗೆ ಹೊಸ ಬಣ್ಣ ಹೊಡೆಸುವುದೋ ಬೇಡವೋ ಅಂತ ಒಂದು ದಿನ ಯೋಚಿಸಿದೆ. ಹೊಡೆಸಿದ್ದರೆ ಹೊಸದರ ಥರ ಕಾಣುತ್ತಿತ್ತು. ಹೊಡೆಸಲಿಲ್ಲ. ಹಳೆಯದು ಹಳೆಯದಾಗಿಯೇ ಕಾಣಲಿ, ಸುಳ್ಳು ಯಾಕೆ ಅಂದುಕೊಂಡೆ. ಆಮೇಲೆ ಅಂಗಾತ ಮಲಗಿಸಿ, ಬೋರಲು ಹಾಕಿ, ಕೀಲಿ ಮೇಲಾಗಿ, ಕೀಲಿ ಕೆಳಗಾಗಿ ಇಟ್ಟು, ದಿನಾ ರೇಡಿಯೋದ ಪೀಪ್ ಸದ್ದಿಗೆ ಹೊಂದಿಸಿ ನೋಡಿದೆ. ಯಾವ ಮಗ್ಗುಲಿಗೆ ಹಾಕಿದರೂ ವಾಚು ದಾರಿ ತಪ್ಪಲಿಲ್ಲ.

ವೈಶಾಖದಲ್ಲಿ ಮದುವೆಯಾಯಿತು. ವಾಚು ಕಟ್ಟುವ ಮೊದಲು ಗಂಡಿನ ಅಪ್ಪನಿಗೆ, ಎಲ್ಲರ ಎದುರಿಗೇ, ಇದು ಹಳೆಯದು ಅಂತ ಮತ್ತೊಮ್ಮೆ ಹೇಳಿದೆ. ಅವರು ಮಗನ ಕೈಹಿಡಿದು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. "ಸ್ವಿಸ್ಸು ಕಣ್ರೀ! ಇಂಥದ್ದು ಈಗ ದುಡ್ಡು ಚೆಲ್ಲಿದ್ರೂ ಸಿಗಲ್ಲ. ನಮ್ಮ ಬೀಗರ ಕೈಕೆಲಸ!" ತಂಗಿ ತಲೆ ತಗ್ಗಿಸಿಕೊಂಡೇ ನನ್ನ ಕಡೆ ಓರೆಗಣ್ಣಿನಿಂದ ನೋಡಿ ನಕ್ಕಳು. ಅಮ್ಮನಿಗೂ ಸಮಾಧಾನವಾಯಿತು.

ಮಳೆಗಾಲ ಮುಗಿಯಿತು, ದಸರಾ ದೀಪಾವಳಿ ಕಳೆದವು. ಚಳಿ ಶುರುವಾದ ಮೇಲೆ ಒಂದು ದಿನ ಚಿಕ್ಕನಾಯಕನಹಳ್ಳಿ ಬಸ್ಸಿನ ಕಂಡಕ್ಟರು ಅಂಗಡಿಗೆ ಬಂದು, "ನಿಮ್ಮ ಬೀಗರು ಬರಹೇಳಿದ್ದಾರೆ. ವಾಚು ನಿಂತೈತಂತೆ," ಅಂದ. ನನ್ನ ಕೆಲಸದ ಬಗ್ಗೆ ನನಗೆ ಅನುಮಾನವಿರಲಿಲ್ಲ. ಆದರೆ ಅದು ತಂಗಿಯ ಮನೆ. ಸಾಮಾನು ಕಟ್ಟಿಕೊಂಡು ಹೊರಟೆ.

ಮಿಲ್ಲಿನ ಮುಂದೆ ಒಡಕು ಕೊಬ್ಬರಿಯ ಮೂಟೆ ತಂದವರು ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ಬೀಗರು ಹಣೆ ತುಂಬ ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂತಿದ್ದರು. ನನಗೆ ನೀರು ಕೊಡುವ ಮೊದಲೇ ವಾಚು ಮುಂದಿಟ್ಟರು. ಮದುವೆಯಾದ ಮೇಲೆ 'ನೀವು' ಹೋಗಿ 'ನೀನು' ಬಂದಿತ್ತು, ಅದಕ್ಕೆ ನನ್ನ ತಕರಾರಿಲ್ಲ, ಹಿರಿಯರು. ಆದರೆ ಆ ದಿನ ಅದರೊಳಗೆ ಇನ್ನೇನೋ ಇತ್ತು.

"ನೋಡಪ್ಪ ನಿನ್ನ ಸ್ವಿಸ್ಸು. ಬೆಳಗ್ಗೆ ಎದ್ದು ನೋಡಿದ್ರೆ ನಿಂತಿರ್ತದೆ. ಹೊತ್ತೇರಿದ ಮ್ಯಾಲೆ ತಾನೇ ಓಡ್ತದೆ. ಸೋಮಾರಿ ಆಳಿನ ಥರ!"

ಮೂಟೆಯ ಮೇಲೆ ಕೂತಿದ್ದವರು ಗೊಳ್ಳೆಂದು ನಕ್ಕರು. ತಂಗಿಯ ಗಂಡ ಕಂಬಕ್ಕೆ ಒರಗಿಕೊಂಡು ನಿಂತಿದ್ದ. ನಗಲಿಲ್ಲ. ನನ್ನ ಕಣ್ಣು ತಪ್ಪಿಸಿ ದೂರದ ತೋಟ ನೋಡುತ್ತಿದ್ದ.

ಅಲ್ಲೇ ಬಿಳಿ ಬಟ್ಟೆ ಹಾಸಿದೆ. ಮುಚ್ಚಳದ ಅಂಚಿನಲ್ಲಿ ಹೊಸ ಗೀರುಗಳಿದ್ದವು. ಅಡಿಕೆ ಹೆಚ್ಚುವ ಚಾಕುವಿನ ಮೊನೆ ಹಾಕಿ ಮೀಟಿದ ಗುರುತು. ಮುಚ್ಚಳ ಎಬ್ಬಿಸಿದೆ. ಐಗ್ಲಾಸು ಇಡುವ ಮೊದಲೇ ಮೂಗಿಗೆ ಬಡಿಯಿತು. ಕೊಬ್ಬರಿ ಎಣ್ಣೆ! ಒಂದು ಚುಕ್ಕಿಯಲ್ಲ, ಧಾರಾಳವಾಗಿ ಬಿಟ್ಟಿದ್ದರು. ಚಳಿಗೆ ಅದು ಬೆಳ್ಳಗೆ ಹೆಪ್ಪುಗಟ್ಟಿ ಚಕ್ರಗಳ ನಡುವೆ ಕೂತಿತ್ತು. ಹಿತ್ತಾಳೆಗೆ ತಾಗಿದ ಕಡೆ ಹಸಿರು ಬಣ್ಣಕ್ಕೆ ತಿರುಗಿತ್ತು. ನಮ್ಮ ಸೀಮೆಯಲ್ಲಿ ಧನುರ್ಮಾಸದ ಬೆಳಿಗ್ಗೆ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿಕೊಳ್ಳದ ಮನೆ ಯಾವುದಿದೆ? ವಾಚೂ ಅದನ್ನೇ ಮಾಡುತ್ತಿತ್ತು. ರಾತ್ರಿ ಗೂಡಿನಲ್ಲಿ ಇಟ್ಟರೆ ಎಣ್ಣೆ ಗಟ್ಟಿಯಾಗಿ ನಿಲ್ಲುವುದು, ಬಿಸಿಲೇರಿದರೆ ಕರಗಿ ಓಡುವುದು.

ಮುಚ್ಚಳದ ಒಳಗೆ ಕುಂಕುಮದ ಕೆಂಪು ಹತ್ತಿಕೊಂಡಿತ್ತು. ಅದನ್ನು ನೋಡಿದ ಮೇಲೆ ಎಲ್ಲ ಗೊತ್ತಾಯಿತು. ಆಯುಧಪೂಜೆ. ಅವತ್ತು ಮಿಲ್ಲಿನ ಗಾಣ, ಮೋಟಾರು, ತಕ್ಕಡಿ, ಕುಡುಗೋಲು, ಎಲ್ಲವನ್ನೂ ತೊಳೆದು ಎಣ್ಣೆ ಬಿಟ್ಟು ಕುಂಕುಮ ಹಚ್ಚುತ್ತಾರೆ. ಯಂತ್ರ ಅಂದಮೇಲೆ ವಾಚೂ ಯಂತ್ರವೇ. ಗಾಣಕ್ಕೆ ಬಿಟ್ಟ ಹಾಗೆ ಇದಕ್ಕೂ ಬಿಟ್ಟಿದ್ದಾರೆ, ಮನೆಯ ಗಾಣದ ಮೊದಲ ಎಣ್ಣೆಯನ್ನು, ಭಕ್ತಿಯಿಂದ! ಕೂದಲೆಳೆಯಷ್ಟು ತುದಿಯನ್ನು ಸವರಿ ಸವರಿ ಕೂರಿಸಿದ ನನ್ನ ಕೆಲಸದ ಮೇಲೆ ಒಂದು ಸೌಟು ಎಣ್ಣೆ.

ತಲೆ ಎತ್ತಿ ತಂಗಿಯ ಗಂಡನನ್ನು ನೋಡಿದೆ. ಅವನ ಮುಖ ಬಿಳಿಚಿಕೊಂಡಿತ್ತು. ಎಣ್ಣೆ ಬಿಟ್ಟವನು ಅವನೇ, ಅದು ನನಗೆ ಗೊತ್ತಾಯಿತು ಅಂತ ಅವನಿಗೂ ಗೊತ್ತು. ಅಡುಗೆ ಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು, ಸೆರಗು ಬಿಗಿಯಾಗಿ ಹಿಡಿದುಕೊಂಡು.

"ಏನಾಗೈತೆ ಹೇಳಪ್ಪ, ಎಲ್ಲರೂ ಕೇಳ್ಲಿ," ಅಂದರು ಬೀಗರು.

ನಾಲಿಗೆ ತುದಿಗೆ ಬಂದಿತ್ತು. ಆದರೆ ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಗಿರಾಕಿ ಮನೆಯಲ್ಲಿ ಕೂತು ವಾಚು ಬಿಚ್ಚುತ್ತಾನೆ, ಹೇರ್‌ಪಿನ್ನು ತೂರಿಸುತ್ತಾನೆ, ಹೊಲಿಗೆ ಮಿಷಿನ್ನಿನ ಎಣ್ಣೆ ಸುರಿಯುತ್ತಾನೆ, ಆಮೇಲೆ ತಂದು, "ನಾನು ಮುಟ್ಟೇ ಇಲ್ಲ ಕಣ್ರೀ" ಅನ್ನುತ್ತಾನೆ. ನಾವು ಮುಖ ನೋಡಿ ನಿಜ ಹೇಳುವುದಿಲ್ಲ. ಅದರಲ್ಲೂ ಪಕ್ಕದಲ್ಲಿ ನಾಲ್ಕು ಜನ ಇದ್ದರೆ ಖಂಡಿತ ಹೇಳುವುದಿಲ್ಲ. "ಧೂಳು ಕೂತಿದೆ, ತೊಳೆದು ಕೊಡ್ತೀನಿ" ಅನ್ನುತ್ತೇವೆ. ಗಿರಾಕಿಯ ಮಾನ ಉಳಿಯುತ್ತದೆ, ಅಂಗಡಿಗೆ ಮತ್ತೆ ಬರುತ್ತಾನೆ. ನಮ್ಮಪ್ಪ ಜೀವಮಾನವೆಲ್ಲ ಧೂಳು ಅಂದವರು. ಇಲ್ಲಿ ಕಂಬಕ್ಕೆ ಒರಗಿ ನಿಂತವನು ಬರೀ ಗಿರಾಕಿಯಲ್ಲ. ಅವನ ಮಾನ ಈ ಮೂಟೆಗಳ ಮುಂದೆ ಹರಾಜಾದರೆ ಸಂಜೆ ಅದರ ಸಿಟ್ಟು ಯಾರ ಮೇಲೆ ಇಳಿಯುತ್ತದೆ? ಬಾಗಿಲಲ್ಲಿ ನಿಂತವಳ ಮೇಲೆ. ಹಾಗೆ ಲೆಕ್ಕ ಹಾಕಿದೆ.

"ಧೂಳು ಕೂತೈತೆ. ಮುಚ್ಚಳ ನಾನು ಸರಿಯಾಗಿ ಒತ್ತಿರಲಿಲ್ಲ ಅಂತ ಕಾಣ್ತದೆ," ಅಂದೆ.

ಬೀಗರು ಕಟ್ಟೆ ತಟ್ಟಿದರು. "ಕೇಳಿದ್ರೇನ್ರಪ್ಪ? ಅವನ ಬಾಯಾಗೇ ಬಂತು! ಹಳೇ ಮಾಲು ತಂದು, ಮ್ಯಾಲೆ ತಿಕ್ಕಿ ತೊಳೆದು, ನಮ್ಮ ಹುಡುಗನ ಕೈಗೆ ಕಟ್ಟವ್ನೆ. ನಾವು ಪೆದ್ದರು, ಊರೆಲ್ಲ ತೋರಿಸ್ಕೊಂಡು ಓಡಾಡಿದ್ವಿ."

ನಾನು ತಂಗಿಯ ಗಂಡನ ಕಡೆ ನೋಡಿದೆ. ಒಂದು ಮಾತು ಆಡುತ್ತಾನೇನೋ, ಬಿಡಪ್ಪಯ್ಯ ಅನ್ನುತ್ತಾನೇನೋ ಅಂತ. ಅವನ ಮುಖಕ್ಕೆ ರಕ್ತ ವಾಪಸ್ಸು ಬಂದಿತ್ತು. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, "ನಾನು ಅವತ್ತೇ ಅಂದೆ ಅಪ್ಪಯ್ಯ, ಹಳೇದೆಲ್ಲ ಬ್ಯಾಡ ಅಂತ. ನೀವೇ ಕೇಳ್ಲಿಲ್ಲ," ಅಂದ.

ಅಬ್ಬಾ! ಮನುಷ್ಯ ಇಷ್ಟು ಬೇಗ ಚೇತರಿಸಿಕೊಳ್ಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಆಗಲಾದರೂ ಬಾಯಿ ಬಿಡಬಹುದಿತ್ತು. ಆದರೆ ಅಂದ ಮಾತನ್ನು ಆಗಲೇ ತಿರುಗಿಸಿದರೆ ಯಾರು ನಂಬುತ್ತಾರೆ? ಸಿಕ್ಕಿಬಿದ್ದ ಮೇಲೆ ಅಳಿಯನ ತಲೆಗೆ ಕಟ್ಟುತ್ತಿದ್ದಾನೆ ಅನ್ನುತ್ತಿದ್ದರು. ಹಲ್ಲು ಕಚ್ಚಿಕೊಂಡು ವಾಚನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದೆ. ಊಟಕ್ಕೆ ಏಳಿ ಅಂತ ಯಾರೂ ಅನ್ನಲಿಲ್ಲ.

ಅಂಗಡಿಯಲ್ಲಿ ಮತ್ತೆ ಅದೇ ಪೆಟ್ರೋಲು, ಅದೇ ಗರಿಕಡ್ಡಿ. ಕೊಬ್ಬರಿ ಎಣ್ಣೆಯ ಜಿಡ್ಡು ಕಲ್ಲಿನ ತೂತಿನಿಂದ ಬಿಡುವುದೇ ಇಲ್ಲ. ಕಡ್ಡಿ ಹಾಕಿದಷ್ಟೂ ಹಸಿರಾಗಿ ಹೊರಬರುತ್ತಿತ್ತು. ಬೈದುಕೊಂಡು ತೊಳೆದೆ. ನನ್ನ ಸ್ಟಾಫ್ ಮಾತ್ರ ಹಾಗೇ ನಿಂತಿತ್ತು, ಏನೂ ಆಗಿರಲಿಲ್ಲ. ಸರಿಮಾಡಿ ಕಳಿಸಿದೆ. ಅವನು ಅದನ್ನು ಮತ್ತೆ ಕಟ್ಟಲಿಲ್ಲವಂತೆ. ತೋಳಿನ ತುಂಬ ಕಟ್ಟಿಕೊಂಡು ಬರುವ ಆಸಾಮಿಯ ಹತ್ತಿರವೋ ಇನ್ನೆಲ್ಲೋ ಹೊಳೆಯುವಂಥದ್ದೊಂದು ತೆಗೆದುಕೊಂಡ. ನಾನು ಜೀವ ತೇದು ಮಾಡಿದ ವಾಚು ಬೀಗರ ಮೇಜಿನ ಡ್ರಾಯರಿನೊಳಗೆ ಸೇರಿತು. ಬಂದವರಿಗೆ ಈಗಲೂ ತೋರಿಸುತ್ತಾರೆ, "ನಮ್ಮ ಬೀಗರ ಕೈಕೆಲಸ" ಅಂತಲೇ. ಮಾತು ಅದೇ, ನಗು ಮಾತ್ರ ಬೇರೆ.

ಯುಗಾದಿಗೆ ತಂಗಿಯನ್ನು ಕರೆದುಕೊಂಡು ಬರಲು ಹೋದೆ. ಅಮ್ಮ ತಿಪಟೂರಿನ ಒಳ್ಳೆಯ ಅಂಗಡಿಯಲ್ಲಿ ತಾನೇ ನಿಂತು ಆರಿಸಿದ ಸೀರೆ, ಹೂವು, ಹಣ್ಣು ಕಟ್ಟಿಕೊಟ್ಟಿದ್ದಳು. ತಂಗಿಯ ಅತ್ತೆ ಸೀರೆಯನ್ನು ತಟ್ಟೆಯಿಂದ ಎತ್ತಿಕೊಂಡರು. ಅಂಗಳದ ಬೆಳಕಿಗೆ ಬಂದು ಒಂದೊಂದೇ ಮಡಿಕೆ ಬಿಚ್ಚಿದರು. ಅಂಚು ತಿರುಗಿಸಿ ನೋಡಿದರು. ಸೆರಗನ್ನು ಸೂರ್ಯನಿಗೆ ಹಿಡಿದು ನೋಡಿದರು. ಮೂಗಿನ ಹತ್ತಿರ ತಂದು ಮೂಸಿದರು.

"ಯಾಕಮ್ಮ?" ಅಂದೆ, ತಡೆಯಲಾಗದೆ.

"ಏನಿಲ್ಲಪ್ಪ. ಹಳೇದನ್ನ ಹೊಸದು ಮಾಡೋದ್ರಲ್ಲಿ ನೀವು ಜಾಣರಲ್ಲ, ಒಗೆದು ಮಡಿಸಿದ್ದೋ ಏನೋ ಅಂತ ನೋಡ್ದೆ," ಅಂದರು ಮೆಲ್ಲಗೆ, ಬೈಗುಳವೇ ಅಲ್ಲ ಅನ್ನುವ ಹಾಗೆ. "ಹಬ್ಬದಾಗೆ ಮನ್ಯಾಗೆ ಕೆಲಸ ಜಾಸ್ತಿ. ಅವಳನ್ನ ಇನ್ನೊಂದ್ಸಲ ಕಳಿಸ್ತೀವಿ."

ತಂಗಿ ಕಣ್ಣು ಎತ್ತಲಿಲ್ಲ. ನೀರು ಸೇದಿಕೊಂಡು ಬರುತ್ತೇನೆಂದು ಬಿಂದಿಗೆ ಹಿಡಿದು ರಸ್ತೆಯವರೆಗೆ ನನ್ನ ಜೊತೆ ಬಂದಳು. ಮಿಲ್ಲು ಮರೆಯಾದ ಮೇಲೆ ನಾನೇ, "ಅದು ಧೂಳಲ್ಲ ಕಣೇ," ಅಂದೆ.

"ಗೊತ್ತು ಅಣ್ಣ. ಎಣ್ಣೆ ಬಟ್ಟಲು ತಂದುಕೊಟ್ಟೋಳೇ ನಾನು."

ನಾನು ನಿಂತೆ.

"ಆಯುಧಪೂಜೆ ದಿನ ನಮ್ಮನೆಯೋರು ಬಟ್ಟಲು ತಾ ಅಂದ್ರು. ಬ್ಯಾಡ ಕಣ್ರೀ, ವಾಚಿಗೆ ಇದಲ್ಲ ಎಣ್ಣೆ, ನಮ್ಮಣ್ಣ ಬೈತಾನೆ ಅಂದೆ. '‌ಎಣ್ಣೆ ವಿಷ್ಯ ನಿಮ್ಮಣ್ಣ ನಮಗೆ ಹೇಳಿಕೊಡ್ತಾನಾ' ಅಂದ್ರು. ತಂದುಕೊಟ್ಟೆ, ಇನ್ನೇನ್ ಮಾಡ್ಲಿ?"

"ಅವತ್ತು ನೀನೇ ಒಂದು ಮಾತು ಅನ್ನಬಹುದಿತ್ತಲ್ಲೇ!"

ಅವಳು ಬಿಂದಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. "ನಾನು ಅಂದಿದ್ರೆ ಗಂಡನ ಮಾನ ಕಳೆದೋಳು ಅಂತಿದ್ರು. ನೀನು ಅಂದಿದ್ರೆ ವಾಚಿನೋನು ವಾಚಿನ ವಿಷ್ಯ ಹೇಳ್ದ ಅಂತಾಗೋದು, ಒಂದೆರಡು ದಿನ ಉರಿದು ಬೀಳೋರು, ಆಮ್ಯಾಕೆ ಮರೆತುಹೋಗೋದು. ನೀನು ನನ್ನ ಉಳಿಸ್ತೀನಿ ಅಂದ್ಕೊಂಡೆ. ಈಗ ನಾನು ಕಲೆಸಿದ ಹಿಟ್ಟಿಗೂ ಅವರು ನಿನ್ನ ಹೆಸರು ಹೇಳ್ತಾರೆ. ನೀನು ಮುಚ್ಚಳ ಬಿಚ್ಚಿದಾಗ ಬಾಗಿಲಾಗೆ ನಿಂತಿದ್ದೆ ನಾನು. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ಕಾಯ್ಕೊಂಡು ನಿಂತಿದ್ದೆ. ನೀನು ಧೂಳು ಅಂದುಬುಟ್ಟೆ."

ತಿಪಟೂರಿನ ಬಸ್ಸು ಬಂದು ನಿಂತಿತು. ಹತ್ತಲು ಕಾಲೆತ್ತಿದಾಗ ಅವಳು ನನ್ನ ತೋಳು ಹಿಡಿದು ತಡೆದಳು.

"ಇನ್ಮ್ಯಾಲೆ ನಂಗೇನೂ ತರಬ್ಯಾಡ ಅಣ್ಣ. ಹೂವೂ ತರಬ್ಯಾಡ. ಅಮ್ಮ ಆರಿಸಿದ್ದನ್ನ ಅವರು ಹಂಗೆ ಬೆಳಕಿಗೆ ಹಿಡಿದು ನೋಡೋದನ್ನ ನಿಂತು ನೋಡೋಕೆ ನನ್ನ ಕೈಯಲ್ಲಿ ಆಗಲ್ಲ."